ಹಿರಿಯರ ಕೆಂಪು ಪೆನ್ನಿನಿಂದ ಡ್ರಾಫ್ಟಿಂಗ್ ಕಲಿಯುವುದು ಹೇಗೆ

ಬೆಳಗಾವಿ, ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯಿಂದ ಡಿಪ್ಲೊಮಾ ಮುಗಿಸಿ ಪುಣೆಗೆ ಬಂದು ಭೋಸರಿ, ಚಾಕಣ, ಪಿಂಪ್ರಿ-ಚಿಂಚವಾಡದ ಡಿಸೈನ್ ಆಫೀಸುಗಳಿಗೆ ಸೇರುವವರಿಗೆ ಕ್ಯಾಡ್ (ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವ ಸಾಫ್ಟ್‌ವೇರ್) ಚೆನ್ನಾಗಿಯೇ ಬರುತ್ತದೆ. ಕಮಾಂಡ್ ಹೊಡೆಯುವ ವೇಗದಲ್ಲಿ ಎಷ್ಟೋ ಸಲ ಹಿರಿಯರನ್ನೇ ಮೀರಿಸುತ್ತಾರೆ. ಆದರೂ ಅವರ ಡ್ರಾಯಿಂಗ್ ಚೆಕಿಂಗ್‌ಗೆ ಹೋಗಿ ಕೆಂಪಾಗಿ ವಾಪಸ್ ಬರುತ್ತದೆ, ಪಕ್ಕದ ಟೇಬಲ್ಲಿನ ಹಳಬರದ್ದು ಒಂದೆರಡು ಗುರುತಿನಲ್ಲಿ ಪಾಸಾಗುತ್ತದೆ. ಡ್ರಾಯಿಂಗ್ ಕೈಗೆ ಬಂದ ಟರ್ನರ್ ಎಲ್ಲಿ ತಡವರಿಸುತ್ತಾನೆ, ಇನ್‌ಸ್ಪೆಕ್ಟರ್ ಏನು ಕೇಳಲು ಫೋನ್ ಮಾಡುತ್ತಾನೆ ಎಂಬುದು ಆ ಹಳಬರಿಗೆ ಗೊತ್ತು. ಅವರ ಬಹುಪಾಲು ಅಭ್ಯಾಸಗಳ ಹಿಂದೆ ಅಂಥದೊಂದು ಫೋನ್ ಇದೆ. ಅಭ್ಯಾಸದ ಜೊತೆಗೆ ಆ ಕಾರಣವನ್ನೂ ಅವರಿಂದ ಪಡೆಯುವುದು ಹೇಗೆ ಎಂಬುದೇ ಇಲ್ಲಿನ ವಿಷಯ. ಉದಾಹರಣೆಗಳೆಲ್ಲ ಮೆಕ್ಯಾನಿಕಲ್ ಕೆಲಸದವು. ಸಿವಿಲ್, ಪೈಪಿಂಗ್‌ನವರು ಅಂಕಿಗಳನ್ನು ಬಿಟ್ಟು ವಿಧಾನವನ್ನು ಇಟ್ಟುಕೊಳ್ಳಬಹುದು.

ಮೊದಲು ಚೆಕ್ ಪ್ರಿಂಟ್ ಕೇಳಿ

ಹೊಸದಾಗಿ ಸೇರಿದವರಿಗೆ ಸಾಮಾನ್ಯವಾಗಿ ಅಪ್ರೂವ್ ಆದ ಡ್ರಾಯಿಂಗ್‌ಗಳ ಫೋಲ್ಡರ್ ತೋರಿಸಿ "ಇದನ್ನು ನೋಡಿ ಕಲಿ" ಎನ್ನುತ್ತಾರೆ. ಫೈನಲ್ ಡ್ರಾಯಿಂಗ್‌ನಿಂದ ಕಲಿಯಲು ಸಿಗುವುದು ಕಡಿಮೆ. ಅದರಲ್ಲಿ ಸರಿಯಾದದ್ದು ಮಾತ್ರ ಉಳಿದಿರುತ್ತದೆ, ಯಾವುದನ್ನು ಏಕೆ ತಿದ್ದಿದರು ಎಂಬುದು ಅಳಿಸಿಹೋಗಿರುತ್ತದೆ. ಕೇಳಬೇಕಾದದ್ದು ಹಿರಿಯರು ಕೆಂಪು ಪೆನ್ನಿನಲ್ಲಿ ತಿದ್ದಿದ ಚೆಕ್ ಪ್ರಿಂಟ್. ಬಹಳ ಕಡೆ ಇವು ಡ್ರಾಯರಿನಲ್ಲಿ ಬಿದ್ದಿರುತ್ತವೆ, ಇಲ್ಲವೇ ಗುರುತು ಹಾಕಿದ ಪಿಡಿಎಫ್ ಆಗಿ ಸರ್ವರ್‌ನಲ್ಲಿರುತ್ತವೆ.

ನಿಮ್ಮ ಕೆಲಸಕ್ಕೆ ಹತ್ತಿರವಾದ ಐದಾರು ಭಾಗಗಳನ್ನು ಆರಿಸಿಕೊಳ್ಳಿ: ಒಂದು ಶಾಫ್ಟ್, ಒಂದು ಹೌಸಿಂಗ್, ಒಂದು ಶೀಟ್‌ಮೆಟಲ್ ಬ್ರಾಕೆಟ್, ಒಂದು ವೆಲ್ಡಿಂಗ್ ಫ್ರೇಮ್, ಒಂದು ಅಸೆಂಬ್ಲಿ. ಪ್ರತಿಯೊಂದಕ್ಕೂ ಚೆಕ್ ಪ್ರಿಂಟ್ ಮತ್ತು ಫೈನಲ್ ಎರಡನ್ನೂ ಎ3ಯಲ್ಲಿ ತೆಗೆದು ಪಕ್ಕಪಕ್ಕ ಇಡಿ. ಕೆಂಪು ಗುರುತು ಒಂದೊಂದನ್ನೂ ಓದಿ, ಪಕ್ಕದಲ್ಲಿ ಪೆನ್ಸಿಲ್‌ನಿಂದ ನಿಮ್ಮ ಊಹೆ ಬರೆಯಿರಿ: "ಇದು ಹೀಗೇ ಹೋಗಿದ್ದರೆ ಶಾಪ್‌ನಲ್ಲಿ ಏನಾಗುತ್ತಿತ್ತು?" ಊಹೆ ಬರದ ಗುರುತುಗಳಿಗೆ ಪ್ರಶ್ನಾರ್ಥಕ ಹಾಕಿ. ಹಿರಿಯರ ಬಳಿಗೆ ಒಯ್ಯಬೇಕಾದದ್ದು ಆ ಪ್ರಶ್ನಾರ್ಥಕಗಳನ್ನು ಮಾತ್ರ.

ಚೆಕ್ ಪ್ರಿಂಟ್ ಸಿಗದಿದ್ದರೆ ರಿವಿಜನ್ ಟೇಬಲ್ ಇದ್ದೇ ಇದೆ. ರಿವಿಜನ್ ಎ ಮತ್ತು ಬಿ ಎರಡನ್ನೂ ತೆರೆದು ಏನು ಬದಲಾಗಿದೆ ಹುಡುಕಿ. ರಿಲೀಸ್ ಆದ ಮೇಲೆ ಬದಲಾದ ಡೈಮೆನ್ಷನ್ ಎಂದರೆ ಯಾರದೋ ದುಡ್ಡು ಹೋಗಿದೆ ಎಂದೇ ಲೆಕ್ಕ. ಹಾಗಾಗಿ ಅದರ ಕಾರಣ ಹಿರಿಯರಿಗೆ ಚೆನ್ನಾಗಿ ನೆನಪಿರುತ್ತದೆ.

ಯಾವಾಗ ಕೇಳಬೇಕು, ಹೇಗೆ ಕೇಳಬೇಕು

ರಿಲೀಸ್ ದಿನ ಸಂಜೆ ಯಾರನ್ನೂ ಕೇಳಬೇಡಿ. ಚಹಾ ಮುಗಿದ ಮೇಲಿನ ಹತ್ತು-ಹದಿನೈದು ನಿಮಿಷ ಒಳ್ಳೆಯ ಹೊತ್ತು. "ಸರ್, ಜಿಡಿ ಅಂಡ್ ಟಿ (ಆಕಾರ-ಸ್ಥಾನದ ಟಾಲರೆನ್ಸ್ ಬರೆಯುವ ಪದ್ಧತಿ) ಹೇಳಿಕೊಡಿ" ಎಂದರೆ ಯಾರೂ ಹೇಳಿಕೊಡುವುದಿಲ್ಲ, ಹೇಳಲಿಕ್ಕೂ ಆಗುವುದಿಲ್ಲ. ಒಂದು ಪ್ರಿಂಟ್, ಅದರ ಮೇಲೆ ಎರಡು ಇಲ್ಲವೇ ಮೂರು ಗುರುತು, ಕೈಯಲ್ಲಿ ಪೆನ್ಸಿಲ್. ಇಷ್ಟಿದ್ದರೆ ಸಾಕು.

ಪ್ರಶ್ನೆಯ ಧಾಟಿಯೂ ಮುಖ್ಯ. "ಇದನ್ನು ಏಕೆ ಹಾಕಿದಿರಿ?" ಎಂದರೆ "ನಮ್ಮ ಸ್ಟ್ಯಾಂಡರ್ಡ್" ಎಂಬ ಉತ್ತರ ಬಂದು ಮಾತು ಮುಗಿಯುತ್ತದೆ. "ಇದನ್ನು ಹಾಕದಿದ್ದರೆ ಏನಾಗುತ್ತದೆ?" ಎಂದು ಕೇಳಿ ನೋಡಿ, ಯಾವ ಮಷಿನ್, ಯಾವ ವೆಂಡರ್, ಯಾವ ರಿಜೆಕ್ಷನ್ ಎಲ್ಲವೂ ಹೊರಬರುತ್ತದೆ. ಮರಾಠಿಯಲ್ಲಿ ಮಾತು ಇನ್ನೂ ಸಲೀಸಾಗಿಲ್ಲದವರು ಸಂಕೋಚಪಡಬೇಕಿಲ್ಲ. ಬೆರಳಿಟ್ಟು ತೋರಿಸಲು ಪ್ರಿಂಟ್ ಇದ್ದರೆ ಹಿಂದಿ-ಮರಾಠಿ ಬೆರೆಸಿದ ನಾಲ್ಕು ಮಾತಿನಲ್ಲೇ ಕೆಲಸ ಆಗುತ್ತದೆ.

ಇನ್ನೊಂದು: ವಾರಕ್ಕೊಮ್ಮೆಯಾದರೂ ಅವರು ಹೊಸ ಡ್ರಾಯಿಂಗ್ ಶುರು ಮಾಡುವಾಗ ಪಕ್ಕದಲ್ಲಿ ಕೂರಲು ಅನುಮತಿ ಕೇಳಿ. ಮುಗಿಸುವಾಗ ಕೂತರೆ ಪ್ರಯೋಜನವಿಲ್ಲ, ಶುರುವಿನಲ್ಲೇ ಕೂರಬೇಕು. ಮೊದಲ ಹತ್ತು ನಿಮಿಷ ಅವರು ಮೌಸ್ ಮುಟ್ಟದೇ ಇರುವುದನ್ನು ಗಮನಿಸಿ. ರಫ್ ಕಾಗದದ ಮೇಲೆ ಭಾಗದ ಆಕಾರ ಗೀಚಿ ನಾಲ್ಕು ವಿಷಯ ತೀರ್ಮಾನಿಸುತ್ತಿರುತ್ತಾರೆ. ಈ ಭಾಗ ಯಾವ ಮುಖದ ಮೇಲೆ ಕೂರುತ್ತದೆ, ಯಾವ ಮಷಿನ್‌ನಲ್ಲಿ ಆಗುತ್ತದೆ, ಎಷ್ಟು ನಗ ಬೇಕು, ಅಳೆಯುವುದು ಯಾವುದರಿಂದ. ವ್ಯೂ ಎಷ್ಟು, ಸೆಕ್ಷನ್ (ಕತ್ತರಿಸಿ ತೋರಿಸುವ ನೋಟ) ಎಲ್ಲಿ, ಡೇಟಮ್ (ಅಳತೆಗಳಿಗೆ ಆಧಾರವಾದ ಮುಖ) ಯಾವುದು ಎಲ್ಲವೂ ಈ ನಾಲ್ಕರಿಂದಲೇ ಹುಟ್ಟುತ್ತವೆ. ನಿಮ್ಮ ಮುಂದಿನ ಡ್ರಾಯಿಂಗ್‌ಗೆ ಮೊದಲು ಇವೇ ನಾಲ್ಕು ಉತ್ತರ ಬರೆದಿಟ್ಟುಕೊಂಡು, ಕ್ಯಾಡ್ ತೆರೆಯುವ ಮುನ್ನ ಅವರಿಗೆ ತೋರಿಸಿ. ಎರಡು ನಿಮಿಷದ ಈ ತಿದ್ದುಪಡಿ ಆಮೇಲಿನ ಅರ್ಧ ದಿನ ಉಳಿಸುತ್ತದೆ.

ಒಂದೇ ಭಾಗದಲ್ಲಿ ಎಷ್ಟು ಕಲಿಯಬಹುದು: ಬೇರಿಂಗ್ ಹೌಸಿಂಗ್

6205 ಬೇರಿಂಗ್ ಕೂರುವ ಒಂದು ಎರಕದ ಹೌಸಿಂಗ್ ತೆಗೆದುಕೊಳ್ಳೋಣ. ಬೇರಿಂಗ್‌ನ ಒಳವ್ಯಾಸ 25, ಹೊರವ್ಯಾಸ 52, ಅಗಲ 15 ಮಿಮೀ. ಕಿರಿಯರು ಸಾಮಾನ್ಯವಾಗಿ ಮಾಡಿ ತರುವುದು ಹೀಗೆ: ಬೋರ್ 52, ಶಾಫ್ಟ್ 25, ಮೂಲೆಗಳಿಗೆ ಆರ್2 (2 ಮಿಮೀ ರೇಡಿಯಸ್), ಉಳಿದದ್ದು ಜನರಲ್ ಟಾಲರೆನ್ಸ್, ಅಂದರೆ ಬೇರೆ ಏನೂ ಬರೆಯದ ಅಳತೆಗಳಿಗೆ ಅನ್ವಯಿಸುವ ಏರುಪೇರಿನ ಮಿತಿ. ಹಿರಿಯರ ಕೆಂಪು ಪೆನ್ನು ಬೀಳುವ ಜಾಗಗಳನ್ನು ಒಂದೊಂದಾಗಿ ನೋಡಿ.

ಬೋರ್ 52ಕ್ಕೆ ಎಚ್7 ಎಂಬ ಫಿಟ್ ದರ್ಜೆ, ಅಂದರೆ +0.030 ಮತ್ತು 0. ತಿರುಗುವುದು ಶಾಫ್ಟ್, ಹೊರ ರಿಂಗ್ ನಿಂತೇ ಇರುತ್ತದೆ. ಹಾಗಾಗಿ ಹೊರ ರಿಂಗ್ ಕೈಯಿಂದ ಒತ್ತಿದರೆ ಒಳಹೋಗುವಷ್ಟು ಸಡಿಲವಿದ್ದರೆ ಸಾಕು. ಶಾಫ್ಟ್ 25ಕ್ಕೆ ಕೆ6, ಅಂದರೆ +0.015 ಮತ್ತು +0.002. ಒಳ ರಿಂಗ್ ಶಾಫ್ಟಿನ ಮೇಲೆ ಜಾರಬಾರದು, ಜಾರಿದರೆ ಶಾಫ್ಟ್ ಸವೆಯುತ್ತದೆ. ಇವನ್ನು ಜನರಲ್ ಟಾಲರೆನ್ಸ್‌ಗೆ ಬಿಟ್ಟಿದ್ದರೆ ಏನಾಗುತ್ತಿತ್ತು? ಜನರಲ್ ಟಾಲರೆನ್ಸ್ ಹೇಳುವ ಸ್ಟ್ಯಾಂಡರ್ಡ್ ಐಎಸ್ಒ 2768ರ ಮೀಡಿಯಂ ದರ್ಜೆಯಲ್ಲಿ 30ರಿಂದ 120 ಮಿಮೀವರೆಗೆ ±0.3 ಸಿಗುತ್ತದೆ. ಬೋರ್ 51.7 ಆಗಿ ಬಂದರೂ ಡ್ರಾಯಿಂಗ್ ಪ್ರಕಾರ ಅದು ಪಾಸ್. ಬೇರಿಂಗ್ ಮಾತ್ರ ಹೊರಗೇ ಉಳಿಯುತ್ತದೆ, ವೆಂಡರ್ ಬಿಲ್ಲು ಕೊಡುತ್ತಾನೆ.

ಶಾಫ್ಟಿನ ಭುಜದ ಬಳಿಯ ಆರ್2 ಹೆಚ್ಚಿನವರ ಕಣ್ಣಿಗೆ ಬೀಳುವುದೇ ಇಲ್ಲ. 6205ರ ಮೂಲೆಯ ರೇಡಿಯಸ್ ಕನಿಷ್ಠ 1 ಮಿಮೀ. ಶಾಫ್ಟಿನ ಫಿಲೆಟ್ (ಒಳಮೂಲೆಯ ದುಂಡು) ಅದಕ್ಕಿಂತ ದೊಡ್ಡದಾದರೆ ಬೇರಿಂಗ್ ಭುಜಕ್ಕೆ ತಾಗುವ ಬದಲು ಫಿಲೆಟ್ ಮೇಲೆ ಏರಿ ನಿಲ್ಲುತ್ತದೆ, ಓರೆಯಾಗುತ್ತದೆ, ಬಿಸಿಯಾಗುತ್ತದೆ. ಆದ್ದರಿಂದ ಫಿಲೆಟ್‌ಗೆ ಗರಿಷ್ಠ ಮಿತಿ ಬರೆಯಬೇಕು, ಆರ್0.8 ಮ್ಯಾಕ್ಸ್ ಎಂದಾದರೂ ಸರಿ. ಗ್ರೈಂಡಿಂಗ್ ಇದ್ದರೆ ಅಂಡರ್‌ಕಟ್ (ಮೂಲೆಯಲ್ಲಿ ಸಣ್ಣ ತೋಡು) ಕೊಡುವುದು ಇನ್ನೂ ಒಳ್ಳೆಯದು, ಏಕೆಂದರೆ ಗ್ರೈಂಡಿಂಗ್ ವೀಲ್ ಚೂಪಾದ ಮೂಲೆಯವರೆಗೆ ಹೋಗಲಾರದು.

ತಳದ ಮುಖವೇ ಡೇಟಮ್ ಎ. ಬೋರಿನ ಸೆಂಟರ್ ಎತ್ತರ ಅಲ್ಲಿಂದಲೇ: 60 ±0.05. ಕಿರಿಯರು ಇದೇ ಎತ್ತರವನ್ನು ಮೇಲಿನ ಎರಕದ ಮುಖದಿಂದ ಕೊಟ್ಟುಬಿಡುತ್ತಾರೆ, ಕ್ಯಾಡ್‌ನಲ್ಲಿ ಆ ಗೆರೆ ಹತ್ತಿರವಿತ್ತು ಎಂಬ ಕಾರಣಕ್ಕೆ. ಮಷಿನ್ ಮಾಡದ ಒರಟು ಮುಖದಿಂದ 0.05 ಅಳೆಯಲು ಯಾರಿಗೂ ಸಾಧ್ಯವಿಲ್ಲ. ಬೋರ್ ತಳಕ್ಕೆ ಸಮಾಂತರವಾಗಿಯೂ ಇರಬೇಕು. ಅದನ್ನು ಎ ಡೇಟಮ್‌ಗೆ ಪ್ಯಾರಲಲಿಸಂ ಎಂದು ಬೇರೆಯಾಗಿ ಬರೆಯದಿದ್ದರೆ ಎತ್ತರದ ಟಾಲರೆನ್ಸ್ ಒಂದೇ ಆ ಕೆಲಸ ಮಾಡುತ್ತದೆ ಎಂದು ನಂಬಿಕೊಂಡಂತೆ ಆಗುತ್ತದೆ.

ಇನ್ನು ಕವರ್ ಕೂರಿಸುವ ಎಂ10 ಟ್ಯಾಪ್. ಡ್ರಿಲ್ 8.5, ಥ್ರೆಡ್ ಆಳ 15. ಡ್ರಿಲ್ ಆಳವೂ 15 ಎಂದು ಬರೆದರೆ ಟ್ಯಾಪ್ ತಳಕ್ಕೆ ಬಡಿದು ಮುರಿಯುತ್ತದೆ. ಟ್ಯಾಪಿನ ತುದಿಯ ಕೆಲವು ಹಲ್ಲುಗಳು ಓರೆಯಾಗಿರುತ್ತವೆ, ಅವು ಪೂರ್ತಿ ಥ್ರೆಡ್ ಕೊರೆಯುವುದಿಲ್ಲ. ಡ್ರಿಲ್ 22 ಆಳ ಕೊಟ್ಟರೆ ಆ ತುದಿಗೂ ಚಿಪ್ಸ್‌ಗೂ ಜಾಗ ಸಿಗುತ್ತದೆ. ಇಲ್ಲಿ ಹಿರಿಯರು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. 118 ಡಿಗ್ರಿ ಡ್ರಿಲ್ಲಿನ ಕೋನ್ ತುದಿ 8.5 ವ್ಯಾಸಕ್ಕೆ ಸುಮಾರು 2.5 ಮಿಮೀ ಇನ್ನೂ ಒಳಗೆ ಹೋಗುತ್ತದೆ. ಆ ಜಾಗದಲ್ಲಿ ಗೋಡೆ 25 ಮಿಮೀ ದಪ್ಪವಿದ್ದರೆ ಉಳಿಯುವುದು ಅರ್ಧ ಮಿಮೀ, ಆ ಕಡೆ ಎಣ್ಣೆ ಇದ್ದರೆ ಸೋರಿಕೆ ಖಾತ್ರಿ. ಸೆಕ್ಷನ್‌ನಲ್ಲಿ ಕೋನ್ ತುದಿಯನ್ನೂ ಎಳೆಯುವ ಹಳೆಯ ಅಭ್ಯಾಸ ಇದಕ್ಕಾಗಿಯೇ ಬಂದದ್ದು.

ತಳದ ಬೋಲ್ಟ್ ರಂಧ್ರಗಳಲ್ಲಿ ಕಾಣುವುದು ಡೈಮೆನ್ಷನ್ ಸರಪಳಿಯ ತಪ್ಪು. ಒಂದೇ ಸಾಲಿನಲ್ಲಿ 40 ಮಿಮೀ ಅಂತರದ ಐದು ರಂಧ್ರಗಳಿದ್ದರೆ 40, 40, 40, 40 ಎಂದು ಕೊಂಡಿಯಂತೆ ಬರೆದುಬಿಡುತ್ತಾರೆ. ಪ್ರತಿ 40ಕ್ಕೆ ±0.3. ಮೊದಲನೆಯದರಿಂದ ಐದನೆಯದಕ್ಕೆ ಬರುವಷ್ಟರಲ್ಲಿ ±1.2 ಆಗಿರುತ್ತದೆ. ಎಂ10 ಬೋಲ್ಟಿಗೆ ರಂಧ್ರ 11 ಮಿಮೀ, ಆಡಲು ಸಿಗುವುದು ಒಟ್ಟು 1 ಮಿಮೀ. ಕೊನೆಯ ಬೋಲ್ಟ್ ಕೂರದೇ ಫಿಟ್ಟರ್ ಗ್ರೈಂಡರ್ ಹಿಡಿದು ರಂಧ್ರವನ್ನು ಮೊಟ್ಟೆಯಾಕಾರ ಮಾಡುತ್ತಾನೆ. ಅದೇ ಮೊದಲ ರಂಧ್ರದಿಂದಲೇ 40, 80, 120, 160 ಎಂದು ಕೊಟ್ಟರೆ 160ಕ್ಕೆ ±0.5 ಮಾತ್ರ. ಪೊಸಿಷನ್ ಟಾಲರೆನ್ಸ್ (ರಂಧ್ರದ ಸೆಂಟರ್ ಎಷ್ಟು ಸರಿಯಬಹುದು ಎಂಬ ಮಿತಿ) ಕೊಡಲು ಬಂದರೆ ಇನ್ನೂ ಚೆನ್ನ.

ನಿಮ್ಮ ಆಫೀಸಿನ ಯಾವುದಾದರೂ ಒಂದು ಭಾಗವನ್ನು ಹಿಡಿದು ಇದೇ ಆಳಕ್ಕೆ ಹಿರಿಯರೊಂದಿಗೆ ಕೂತು ಬಗೆಯಿರಿ. ಹತ್ತು ಡ್ರಾಯಿಂಗ್‌ಗಳನ್ನು ಮೇಲೆ ಮೇಲೆ ನೋಡುವುದಕ್ಕಿಂತ ಇದು ಲೇಸು.

ಫೈಲ್ ಶಿಸ್ತು

ಕಾಗದದ ಮೇಲೆ ಚೆನ್ನಾಗಿ ಕಾಣುವ ಡ್ರಾಯಿಂಗ್ ಫೈಲಿನಲ್ಲಿ ಕೊಳೆತಿರಬಹುದು. ಹಿರಿಯರ ಫೈಲ್ ತೆರೆದು ಲೇಯರ್ ಪಟ್ಟಿ ನೋಡಿ: ಕಡಿಮೆ ಲೇಯರ್, ಅರ್ಥವಾಗುವ ಹೆಸರು, ಬಣ್ಣ ಮತ್ತು ಗೆರೆಯ ದಪ್ಪ ಎಲ್ಲ ಬೈಲೇಯರ್, ಅಂದರೆ ಲೇಯರ್‌ನದ್ದೇ. ಕೈಯಿಂದ ಬಣ್ಣ ಬದಲಿಸಿದ ಗೆರೆ ಲೇಯರ್ ಬಣ್ಣ ಬದಲಾದಾಗ ಹಿಂದೆಯೇ ಉಳಿದು, ಪ್ರಿಂಟ್‌ನಲ್ಲಿ ತಪ್ಪು ದಪ್ಪದಲ್ಲಿ ಬರುತ್ತದೆ. ಡೆಫ್‌ಪಾಯಿಂಟ್ಸ್ ಲೇಯರ್‌ನಲ್ಲಿ ಎಳೆದದ್ದು ಪ್ರಿಂಟ್ ಆಗುವುದೇ ಇಲ್ಲ. "ಸ್ಕ್ರೀನ್ ಮೇಲೆ ಇದೆ, ಕಾಗದದ ಮೇಲೆ ಇಲ್ಲ" ಎಂಬ ದೂರು ಬಂದರೆ ಮೊದಲು ಅಲ್ಲಿ ನೋಡಿ. ಬ್ಲಾಕ್ ಮಾಡುವಾಗ ಒಳಗಿನ ಗೆರೆಗಳನ್ನು 0 ಲೇಯರ್‌ನಲ್ಲಿಟ್ಟರೆ ಬ್ಲಾಕ್ ಇಟ್ಟ ಲೇಯರ್‌ನ ಗುಣ ಅವಕ್ಕೂ ಬರುತ್ತದೆ.

ಎಲ್ಲಕ್ಕಿಂತ ದೊಡ್ಡ ಪಾಪ ಡೈಮೆನ್ಷನ್ ಅಂಕಿಯನ್ನು ಕೈಯಿಂದ ಟೈಪ್ ಮಾಡುವುದು. ಗೆರೆ 59.6 ಇದೆ, ಬೇಕಾದದ್ದು 60, ಹೊತ್ತಾಗಿದೆ ಎಂದು 60 ಎಂದು ಹೊಡೆದುಬಿಡುವುದು. ಆಮೇಲೆ ಯಾರೋ ಭಾಗವನ್ನು ಉದ್ದ ಮಾಡುತ್ತಾರೆ, ಅಂಕಿ 60ರಲ್ಲೇ ನಿಂತಿರುತ್ತದೆ. ಅದೇ ಫೈಲಿನಿಂದ ಡಿಎಕ್ಸ್‌ಎಫ್ (ಮಷಿನ್‌ಗೆ ಕೊಡುವ ಗೆರೆಗಳ ಫೈಲ್) ಲೇಸರ್ ಕಟಿಂಗ್‌ಗೆ ಹೋದರೆ ಕತ್ತರಿಸುವುದು ಗೆರೆಯನ್ನೇ ಹೊರತು ಅಂಕಿಯನ್ನಲ್ಲ. ಆಟೋಕ್ಯಾಡ್‌ನಲ್ಲಿ ಕ್ಯೂಸೆಲೆಕ್ಟ್ (ಗುಣ ನೋಡಿ ಆರಿಸುವ ಕಮಾಂಡ್) ತೆರೆದು ಡೈಮೆನ್ಷನ್‌ಗಳಲ್ಲಿ ಟೆಕ್ಸ್ಟ್ ಓವರ್‌ರೈಡ್ ಖಾಲಿ ಇಲ್ಲದವನ್ನು ಹುಡುಕಿದರೆ ಈ ಕಳ್ಳರು ಒಟ್ಟಿಗೆ ಸಿಕ್ಕಿಬೀಳುತ್ತಾರೆ. ರಂಧ್ರಗಳ ಸಂಖ್ಯೆ, ಟ್ಯಾಪ್ ವಿವರ ಬರೆದವು ಅದರಲ್ಲಿ ಬರುತ್ತವೆ, ಅವು ತಪ್ಪಲ್ಲ. ಅಳತೆಯ ಅಂಕಿಯೇ ಮಾಯವಾಗಿರುವವನ್ನು ತಿದ್ದಿ.

ಲೇಸರ್‌ಗೆ ಕಳಿಸುವ ಡಿಎಕ್ಸ್‌ಎಫ್‌ಗೆ ಓವರ್‌ಕಿಲ್ (ಜೋಡಿ ಗೆರೆ ಅಳಿಸುವ ಕಮಾಂಡ್) ಹೊಡೆಯಿರಿ. ಒಂದರ ಮೇಲೊಂದು ಬಿದ್ದ ಗೆರೆ ಇದ್ದರೆ ಮಷಿನ್ ಅದೇ ಜಾಗವನ್ನು ಎರಡು ಸಲ ಕತ್ತರಿಸಲು ಹೋಗುತ್ತದೆ. ಯೂನಿಟ್ ಮಿಮೀ ಇದೆಯೇ ನೋಡಿ, ಇಂಚು ಎಂದು ಓದಿಕೊಂಡರೆ ಭಾಗ 25.4 ಪಟ್ಟು ಆಗುತ್ತದೆ. ಹೊರಗೆ ಕಳಿಸುವ ಪೂರ್ತಿ ಸೆಟ್‌ಗೆ ಇಟ್ರಾನ್ಸ್‌ಮಿಟ್ ಬಳಸಿ. ಎಕ್ಸ್‌ರೆಫ್ (ಜೋಡಿಸಿದ ಹೊರಗಿನ ಡ್ರಾಯಿಂಗ್), ಫಾಂಟ್, ಪ್ಲಾಟ್ ಸ್ಟೈಲ್ ಎಲ್ಲವನ್ನೂ ಅದು ಒಂದೇ ಗಂಟಿಗೆ ಕಟ್ಟುತ್ತದೆ. ಕಳಿಸುವ ಮುನ್ನ ಆಡಿಟ್ (ಫೈಲಿನ ದೋಷ ತಿದ್ದಲು), ಪರ್ಜ್ (ಬಳಸದ್ದನ್ನು ತೆಗೆಯಲು). ಇದಿಷ್ಟನ್ನು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿದರೆ ಸಾಕು.

ಅಕ್ಷರದ ಎತ್ತರದ ಬಗ್ಗೆಯೂ ಒಂದು ಮಾತು. ಎ1 ಹಾಳೆಗೆ ಮಾಡಿದ ಡ್ರಾಯಿಂಗನ್ನು ಸಣ್ಣ ವೆಂಡರ್ ಎ3ಯಲ್ಲೇ ಪ್ರಿಂಟ್ ತೆಗೆಯುತ್ತಾನೆ, ಎಲ್ಲವೂ ಅರ್ಧವಾಗುತ್ತದೆ. 2.5 ಮಿಮೀ ಅಕ್ಷರ 1.25ಕ್ಕೆ ಇಳಿದು, ಎಣ್ಣೆಗೈ ತಗುಲಿದ ಮೇಲೆ 6 ಯಾವುದು 8 ಯಾವುದು ತಿಳಿಯುವುದಿಲ್ಲ. ಹಳಬರು ಎ1ರಲ್ಲಿ 5 ಮಿಮೀ ಇಡುವುದಕ್ಕೆ ಇದೇ ಕಾರಣ.

ಚೆಕಿಂಗ್‌ಗೆ ಕೊಡುವ ಮುನ್ನ ನಿಮ್ಮದೇ ಚೆಕಿಂಗ್

ಸ್ಕ್ರೀನ್ ಮೇಲೆ ಚೆಕ್ ಮಾಡಬೇಡಿ. ಪ್ರಿಂಟ್ ತೆಗೆದು, ಸಾಧ್ಯವಾದರೆ ಮರುದಿನ ಬೆಳಿಗ್ಗೆ, ಹಳದಿ ಹೈಲೈಟರ್ ಮತ್ತು ಕೆಂಪು ಪೆನ್ನು ಹಿಡಿದು ಕೂರಿ. ಸರಿ ಇರುವುದರ ಮೇಲೆ ಹಳದಿ, ತಪ್ಪಿಗೆ ಕೆಂಪು. ಕೊನೆಗೆ ಯಾವ ಬಣ್ಣವೂ ಇಲ್ಲದ ಅಂಕಿ ಉಳಿದರೆ ಅದನ್ನು ನೀವು ನೋಡೇ ಇಲ್ಲ ಎಂದರ್ಥ. ಕ್ರಮ ಹೀಗಿರಲಿ:

1. ಟೈಟಲ್ ಬ್ಲಾಕ್: ಪಾರ್ಟ್ ನಂಬರ್, ಮೆಟೀರಿಯಲ್, ರಿವಿಜನ್, ಸ್ಕೇಲ್, ಪ್ರೊಜೆಕ್ಷನ್ ಚಿಹ್ನೆ (ಯಾವ ವ್ಯೂ ಯಾವ ಬದಿಗೆ ಬರುತ್ತದೆ ಎಂದು ಹೇಳುವುದು). ನಮ್ಮಲ್ಲಿ ಫಸ್ಟ್ ಆ್ಯಂಗಲ್, ಅಮೆರಿಕದ ಗ್ರಾಹಕರದ್ದು ಥರ್ಡ್ ಆ್ಯಂಗಲ್. ಪುಣೆಯ ಆಫೀಸುಗಳಲ್ಲಿ ಎರಡೂ ಒಂದೇ ದಿನ ಟೇಬಲ್ ಮೇಲೆ ಬರಬಹುದು. ಚಿಹ್ನೆ ತಪ್ಪಿದರೆ ಎಡಗೈ ಭಾಗ ಬಲಗೈಯದಾಗಿ ತಯಾರಾಗುತ್ತದೆ.

2. ವ್ಯೂಗಳು: ಒಂದು ವ್ಯೂ ಅಳಿಸಿದರೂ ಭಾಗ ಅರ್ಥವಾದರೆ ಆ ವ್ಯೂ ಬೇಡ. ಉದ್ದುದ್ದಕ್ಕೆ ಕತ್ತರಿಸಿದ ಬೋಲ್ಟ್, ಶಾಫ್ಟ್, ರಿಬ್‌ಗೆ ಹ್ಯಾಚ್ ಹಾಕಿದ್ದೀರಾ ನೋಡಿ, ಹಾಕಬಾರದು.

3. ಡೈಮೆನ್ಷನ್: ನೀವೇ ಮಷಿನಿಸ್ಟ್ ಎಂದುಕೊಂಡು ಮೊದಲ ಸೆಟಿಂಗ್‌ನಿಂದ ಕೊನೆಯವರೆಗೆ ಬೆರಳಿನಲ್ಲಿ ನಡೆಯಿರಿ. ಎಲ್ಲಿ ಕ್ಯಾಲ್ಕುಲೇಟರ್ ಬೇಕೆನಿಸುತ್ತದೋ ಅಲ್ಲಿ ಒಂದು ಡೈಮೆನ್ಷನ್ ಇಲ್ಲ, ಇಲ್ಲವೇ ತಪ್ಪು ಮುಖದಿಂದ ಕೊಟ್ಟಿದ್ದೀರಿ. ಒಂದೇ ಅಳತೆ ಎರಡು ಕಡೆ ಇದ್ದರೆ ಒಂದನ್ನು ತೆಗೆಯಿರಿ. ರಿವಿಜನ್ ಬಂದಾಗ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆಯುವುದು ತೀರಾ ಮಾಮೂಲು.

4. ಟಾಲರೆನ್ಸ್ ಮತ್ತು ಫಿನಿಶ್: ಬಿಗಿ ಟಾಲರೆನ್ಸ್ ಇರುವ ಪ್ರತಿ ಜಾಗಕ್ಕೂ ನಿಮ್ಮಲ್ಲಿ ಕಾರಣ ಇರಬೇಕು. ಎಲ್ಲೆಡೆ ಆರ್‌ಎ (ಮೇಲ್ಮೈ ಒರಟುತನದ ಅಳತೆ) 0.8 ಬರೆದರೆ ಎಲ್ಲೆಡೆ ಗ್ರೈಂಡಿಂಗ್ ಖರ್ಚು ಬೀಳುವ ಸಾಧ್ಯತೆ ಇದೆ.

5. ನೋಟ್ಸ್, ಬಿಒಎಂ (ಭಾಗಗಳ ಪಟ್ಟಿ): ಬಲೂನ್ ನಂಬರ್ ಮತ್ತು ಪಟ್ಟಿ ತಾಳೆಯಾಗುತ್ತವೆಯೇ, ಸಂಖ್ಯೆ ಸರಿಯೇ.

ಇದಾದ ಮೇಲೂ ಹಿರಿಯರ ಕೆಂಪು ಬರುತ್ತದೆ. ಅದನ್ನು ತಿದ್ದಿ ಕಾಗದ ಬಿಸಾಡಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಮಾಡಿ: ಗುರುತು ಏನು, ಬಿಟ್ಟಿದ್ದರೆ ಏನಾಗುತ್ತಿತ್ತು, ಯಾವ ಬಗೆಯದು. ತಿಂಗಳ ಕೊನೆಗೆ ಮೂರನೇ ಕಾಲಂ ಮಾತ್ರ ಓದಿ. ಎರಡು-ಮೂರು ಬಗೆಗಳೇ ಮತ್ತೆ ಮತ್ತೆ ಬರುತ್ತಿರುವುದು ಕಾಣುತ್ತದೆ. ಮುಂದಿನ ತಿಂಗಳು ಆ ಎರಡು-ಮೂರನ್ನಷ್ಟೇ ಚೆಕಿಂಗ್ ಪಟ್ಟಿಯ ತಲೆಗೆ ಏರಿಸಿ. ಐವತ್ತು ಅಂಶಗಳ ಪಟ್ಟಿ ಮಾಡಿಕೊಂಡವರು ಅದನ್ನು ಎರಡನೇ ವಾರದಿಂದ ಓದುವುದಿಲ್ಲ.

ಶಾಪ್‌ಗೆ ಹೋಗಿ

ಹಿರಿಯ ಸಹೋದ್ಯೋಗಿ ಎಂದರೆ ಡಿಸೈನ್ ಆಫೀಸಿನವರೇ ಆಗಬೇಕಿಲ್ಲ. ಮೂವತ್ತು ವರ್ಷದಿಂದ ಬೋರಿಂಗ್ ಮಷಿನ್ ಮುಂದೆ ನಿಂತವರು, ಇನ್‌ಸ್ಪೆಕ್ಷನ್ ರೂಮಿನವರು, ಅಸೆಂಬ್ಲಿಯ ಫಿಟ್ಟರ್ ನಿಮ್ಮ ಡ್ರಾಯಿಂಗಿನ ನಿಜವಾದ ಓದುಗರು. ಲೀಡ್‌ಗೆ ಹೇಳಿ, ವೆಂಡರ್ ವಿಸಿಟ್‌ಗೆ ಹೋಗುವವರ ಜೊತೆ ಹೊರಡಿ. ಭೋಸರಿ-ಪಿಂಪ್ರಿ ಕಡೆ ಬಹಳಷ್ಟು ಶಾಪ್‌ಗಳಿಗೆ ಗುರುವಾರ ವಾರದ ರಜೆ, ಅದನ್ನು ನೋಡಿಕೊಂಡು ದಿನ ಇಟ್ಟುಕೊಳ್ಳಿ.

ಪ್ರಿಂಟ್ ಕೈಗೆ ಕೊಟ್ಟು ಸುಮ್ಮನೆ ನಿಲ್ಲಿ. ವಿವರಿಸಲು ಹೋಗಬೇಡಿ, ನೀವು ಬಾಯಿಬಿಟ್ಟರೆ ಡ್ರಾಯಿಂಗಿನ ತೂತು ಮುಚ್ಚಿಹೋಗುತ್ತದೆ. ಅವರು ಮೊದಲು ಯಾವ ಅಂಕಿ ಹುಡುಕುತ್ತಾರೆ, ಎಲ್ಲಿ ಹಾಳೆ ತಿರುಗಿಸುತ್ತಾರೆ, ಮಾರ್ಜಿನ್‌ನಲ್ಲಿ ಏನು ಕೂಡಿ-ಕಳೆದು ಬರೆಯುತ್ತಾರೆ ನೋಡಿ. ಮಷಿನಿಸ್ಟರನ್ನು ಕೇಳಬೇಕಾದದ್ದು, "ಮೊದಲ ಸೆಟಿಂಗ್‌ನಲ್ಲಿ ಎಲ್ಲಿ ಹಿಡಿಯುತ್ತೀರಿ?" ಇನ್‌ಸ್ಪೆಕ್ಟರನ್ನು, "ಇದರಲ್ಲಿ ಯಾವ ಅಳತೆ ತೆಗೆಯಲು ಆಗುವುದಿಲ್ಲ?" ಎರಡನೇ ಪ್ರಶ್ನೆಗೆ ಬರುವ ಉತ್ತರ ಬಹಳ ಸಲ ಹೀಗಿರುತ್ತದೆ: ಗಾಳಿಯಲ್ಲಿರುವ ಬಿಂದುವಿನಿಂದ, ಅಂದರೆ ಎರಡು ಓರೆ ಮುಖಗಳು ಸೇರಬೇಕಾದ ಕಾಲ್ಪನಿಕ ಮೂಲೆಯಿಂದ ಕೊಟ್ಟ ಅಳತೆ.

ಹಿರಿಯರು ಹೇಳಿದ್ದೆಲ್ಲ ಸರಿಯೇ?

ಎಲ್ಲವೂ ಅಲ್ಲ. ಡ್ರಾಯಿಂಗ್ ಬೋರ್ಡ್ ಕಾಲದಿಂದ ಬಂದ ಅಭ್ಯಾಸಗಳಲ್ಲಿ ಮೊದಲು ಯೋಚಿಸಿ ಆಮೇಲೆ ಗೆರೆ ಎಳೆಯುವುದನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಿ. ಟೆಂಪ್ಲೇಟ್‌ನಲ್ಲಿ ಹಳೆಯ ಸ್ಟ್ಯಾಂಡರ್ಡ್‌ಗಳನ್ನು ಹಾಗೇ ಎಳೆದುಕೊಂಡು ಬರುವುದನ್ನು ಪ್ರಶ್ನಿಸಬಹುದು. ಉದಾಹರಣೆಗೆ ಎಷ್ಟೋ ಟೈಟಲ್ ಬ್ಲಾಕ್‌ಗಳಲ್ಲಿ ಇಂದಿಗೂ ಐಎಸ್ಒ 2768-ಎಂಕೆ ಎಂದಿರುತ್ತದೆ. ಅದರಲ್ಲಿ ಕೆ ಎಂಬುದು ಆಕಾರ-ಸ್ಥಾನದ ಟಾಲರೆನ್ಸ್ ಹೇಳುವ ಎರಡನೇ ಭಾಗದ್ದು. ಆ ಭಾಗವನ್ನು 2021ರಲ್ಲಿ ಹಿಂತೆಗೆದುಕೊಂಡು ಐಎಸ್ಒ 22081 ತಂದಿದ್ದಾರೆ. ಉದ್ದ-ಕೋನಗಳಿಗೆ ಸಂಬಂಧಿಸಿದ ಮೊದಲ ಭಾಗ ಅದರಿಂದ ರದ್ದಾಗಿಲ್ಲ.

ಇನ್ನೊಂದು ಗೊಂದಲ ಅಮೆರಿಕದ ಗ್ರಾಹಕರ ಕೆಲಸ ಮಾಡಿ ಬಂದವರಲ್ಲಿ ಕಾಣುತ್ತದೆ. ಅಮೆರಿಕದ ಸ್ಟ್ಯಾಂಡರ್ಡ್ ಎಎಸ್‌ಎಂಇ ವೈ14.5 ಪ್ರಕಾರ ಶಾಫ್ಟಿಗೆ ವ್ಯಾಸದ ಟಾಲರೆನ್ಸ್ ಕೊಟ್ಟರೆ ಸಾಮಾನ್ಯವಾಗಿ ಅದು ಶಾಫ್ಟಿನ ನೇರತನವನ್ನೂ ಮಿತಿಯೊಳಗೆ ಹಿಡಿಯುತ್ತದೆ. ಐಎಸ್ಒದಲ್ಲಿ ಹಾಗಿಲ್ಲ. ಅಲ್ಲಿ ಗಾತ್ರ ಬೇರೆ, ಆಕಾರ ಬೇರೆ, ಜೊತೆಗೂಡಿಸಬೇಕಾದರೆ ವೃತ್ತದೊಳಗಿನ ಇ ಚಿಹ್ನೆ ಹಾಕಬೇಕು. ಒಂದರ ಅಭ್ಯಾಸವನ್ನು ಇನ್ನೊಂದಕ್ಕೆ ತಂದರೆ ಪ್ರತಿ ಅಳತೆಯೂ ಪಾಸಾದ, ಆದರೆ ಬಾಗಿದ ಶಾಫ್ಟ್ ಕೈಗೆ ಬರುತ್ತದೆ.

ಇಂಥದ್ದನ್ನು ಮೀಟಿಂಗ್‌ನಲ್ಲಿ ಎತ್ತಬೇಡಿ. ಸ್ಟ್ಯಾಂಡರ್ಡ್‌ನ ಸಂಬಂಧಿಸಿದ ಪುಟ ಮತ್ತು ನಿಮ್ಮ ಡ್ರಾಯಿಂಗ್ ಎರಡನ್ನೂ ಒಯ್ದು, "ಇದು ನಮ್ಮ ಟೆಂಪ್ಲೇಟ್‌ಗೆ ಅನ್ವಯಿಸುತ್ತದೆಯೇ?" ಎಂದು ಒಬ್ಬರನ್ನೇ ಕೇಳಿ. ಆಫೀಸಿನಲ್ಲಿ ಬಿಐಎಸ್‌ನ (ಭಾರತೀಯ ಮಾನಕ ಸಂಸ್ಥೆಯ) ಎಸ್‌ಪಿ 46 ಕೈಪಿಡಿಯ ಪ್ರತಿ ಇದೆಯೇ ನೋಡಿ. ಅದು ಶಾಲೆ-ಕಾಲೇಜಿನವರಿಗಾಗಿ ಮಾಡಿದ್ದಾದರೂ ಗೆರೆ, ಸೆಕ್ಷನ್, ಡೈಮೆನ್ಷನ್ ಕುರಿತ ಮೂಲ ನಿಯಮಗಳ ವಾದ ಅಲ್ಲಿಗೆ ಮುಗಿಯುತ್ತದೆ. ಗ್ರಾಹಕರದ್ದೇ ಸ್ಟ್ಯಾಂಡರ್ಡ್ ಇದ್ದರೆ ಅದು ಎಲ್ಲಕ್ಕಿಂತ ಮೇಲು. ಬದಲಾವಣೆಗೆ ಹಿರಿಯರು ಒಪ್ಪಿದರೂ ರಿಲೀಸ್ ಆದ ಡ್ರಾಯಿಂಗನ್ನು ನೀವೇ ತೆರೆದು ತಿದ್ದಬೇಡಿ. ಚೇಂಜ್ ನೋಟ್ ಹಾಕಿ, ರಿವಿಜನ್ ಏರಿಸಿ, ಶಾಪ್‌ನಲ್ಲಿರುವ ಹಳೆಯ ಪ್ರಿಂಟ್ ವಾಪಸ್ ತರಿಸಿಕೊಂಡ ಮೇಲೆಯೇ ಹೊಸದನ್ನು ಕೊಡಿ.